ಕಿವಿಗೆ ಹತ್ತಿಯಿಲ್ಲದ ದೆವ್ವ

ನಮ್ಮ ತವರುಮನೆಯ ಬಚ್ಚಲಲ್ಲಿ ಒಂದು ದೊಡ್ಡ ತಾಮ್ರದ ಹಂಡೆಯಿತ್ತು. ಅದರ ಹೊಟ್ಟೆ ಮಸಿ ಹಿಡಿದು ಕರ್ರಗಾಗಿದ್ದರೂ ಕಂಠವನ್ನು ಮಾತ್ರ ಅವ್ವ ಹುಣಸೆಹಣ್ಣು ಹಾಕಿ ಫಳಫಳ ಬೆಳಗುತ್ತಿದ್ದಳು. ಮುಂಜಾನೆ ಅದರ ಬಾಯಿಂದೇಳುತ್ತಿದ್ದ ಹಬೆ ಬಚ್ಚಲನ್ನೆಲ್ಲ ತುಂಬಿಕೊಂಡು, ಆಮೇಲೆ ನಿಧಾನವಾಗಿ ಬೆಳಕಿಂಡಿಯ ಕಡೆಗೆ ಹೋಗುತ್ತಿತ್ತು. ಆ ಹಬೆಯಿಂದ ಮುಂದೊಂದು ದಿನ ದೆವ್ವ ಎದ್ದು ಬರುತ್ತದೆಂದು, ಅದನ್ನು ಇಡೀ ಊರೇ ಟಿಕೆಟ್ಟು ಕೊಂಡು ನೋಡುತ್ತದೆಂದು ಯಾರು ಎಣಿಸಿದ್ದರು?

ನನಗೆ ಮದುವೆಯಾದ ವರ್ಷ ಸಿನಿಮಾದವರು ಬಂದು, ಚಿತ್ರೀಕರಣಕ್ಕೆ ಹಳೇ ಕಾಲದ ಮನೆ ಬೇಕೆಂದು ಅವ್ವನನ್ನು ಕೇಳಿದರು. ತಾಯಿ ಮಗುವಿನ ಕತೆ ಎಂದರು. ಅವ್ವ ಉಬ್ಬಿಹೋದಳು. ಮನೆ ಬಿಟ್ಟುಕೊಟ್ಟಿದ್ದಲ್ಲದೆ ಬಂದವರಿಗೆಲ್ಲ ಉಪ್ಪಿಟ್ಟು ಮಾಡಿ ಬಡಿಸಿದಳು. ಚಿತ್ರ ನಮ್ಮೂರ ಟಾಕೀಸಿಗೆ ಬಂದಾಗ ನೋಡಿದರೆ, ತಾಯಿ ಮೊದಲ ರೀಲಿನಲ್ಲೇ ಸತ್ತುಹೋಗಿದ್ದಳು! ಸತ್ತ ಬಾಣಂತಿ ಹಂಡೆಯ ಹಬೆಯಿಂದೆದ್ದು ಬಂದು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಮುಗಿಸುವ ಕತೆ ಅದು.

ನಮ್ಮ ಮನೆಗೆ ದೆವ್ವದ ಮನೆ ಎಂಬ ಹೆಸರು ಬಿತ್ತು. ಹಾಲಿನ ಕೆಂಪಮ್ಮ ಜಗುಲಿಯ ಮೇಲೆಯೇ ಹಾಲಿಟ್ಟು ಕಾಲಿಗೆ ಬುದ್ಧಿ ಹೇಳತೊಡಗಿದಳು. ಅದೇ ಹೊತ್ತಿಗೆ ನಾನು ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಸೀಮಂತ ಮುಗಿದ ಮೇಲೆ ನನ್ನನ್ನು ಕರೆದೊಯ್ಯಲು ಅವ್ವ ಅದೇ ಊರಿನಲ್ಲಿದ್ದ ನನ್ನ ಗಂಡನ ಮನೆಗೆ ಬಂದಳು. ನನ್ನ ಅತ್ತೆ ಚೆನ್ನಾಜಮ್ಮನವರು ಎಲೆಯಡಿಕೆಯ ತಟ್ಟೆಯನ್ನು ಅವಳ ಮುಂದೆ ಸರಿಸಿ ಹೇಳಿದರು:

"ತಪ್ಪು ತಿಳ್ಕೋಬೇಡಿ ರುದ್ರಾಣಮ್ಮ. ಆ ಬಚ್ಚಲಿಗೆ ನನ್ನ ಸೊಸೇನ ನಾನು ಕಳಿಸಲ್ಲ. ಹೆರಿಗೆ ಇಲ್ಲೇ ಆಗ್ಲಿ."

"ಅಲ್ಲಕ್ಕ, ನನ್ನ ಮನೇಲಿ ದೆವ್ವ ಇದ್ದಿದ್ರೆ, ಇಷ್ಟು ವರ್ಷ ನನ್ನ ಜೊತೆ ಅದು ಹೆಂಗೆ ಬಾಳ್ತಿತ್ತು ಹೇಳಿ!" ಎಂದಳು ಅವ್ವ.

ಅತ್ತೆ ನಗಲಿಲ್ಲ. ನನಗೋ ಅಳು ಉಕ್ಕಿ ಬಂತು. ಅತ್ತೆ ಕೆಟ್ಟವರಲ್ಲ, ಬೀದಿಯ ಎಷ್ಟೋ ಹೆಣ್ಣುಮಕ್ಕಳಿಗೆ ಬಾಣಂತನ ಮಾಡಿ ಎಬ್ಬಿಸಿ ಕೂರಿಸಿದ ಕೈ ಅವರದು. ಆದರೂ ನನಗೆ ನನ್ನ ಅವ್ವ ಬೇಕಿತ್ತು, ಆ ಹಂಡೆಯ ನೀರು ಬೇಕಿತ್ತು. ಅಷ್ಟು ತೀವ್ರವಾಗಿ ನಾನು ಬೇರೇನನ್ನೂ ಬಯಸಿರಲಿಲ್ಲ.

"ನೀವು ಆ ಸಿನಿಮಾ ನೋಡಿದ್ದೀರಾ?" ಅವ್ವ ಕೇಳಿದಳು.

"ನೋಡೋದು ಬೇರೆ ಕೇಡು! ಕೇಳಿದ್ದೇ ಸಾಕಾಗಿದೆ."

"ನಾಳೆ ಮ್ಯಾಟಿನಿಗೆ ಬನ್ನಿ. ಅದು ಎಂಥ ಬುರುಡೆ ಅಂತ ನಾನೇ ತೋರಿಸ್ತೀನಿ. ನೋಡಿದ ಮೇಲೂ ಬೇಡ ಅಂದ್ರೆ ನಾನು ತುಟಿ ಎರಡು ಮಾಡಲ್ಲ."

ನಾನೂ ಬರುತ್ತೇನೆಂದು ಹಟ ಹಿಡಿದೆ. ಬಸುರಿ ಹೆಂಗಸನ್ನು ದೆವ್ವದ ಸಿನಿಮಾಕ್ಕೆ ಕರೆದೊಯ್ಯುವುದೇ ಎಂದು ಅತ್ತೆ ಕೂಗಾಡಿದರು. ಕಡೆಗೆ ನನ್ನ ಸೆರಗಿಗೆ ಬೇವಿನ ಸೊಪ್ಪು ಕಟ್ಟಿ, ದೆವ್ವ ಬಂದಾಗಲೆಲ್ಲ ನನ್ನ ಕಣ್ಣು ಮುಚ್ಚುವುದೆಂದು ಠರಾಯಿಸಿ ಒಪ್ಪಿದರು.

ಹೆಂಗಸರ ಕಡೆಯ ಬೆಂಚಿನಲ್ಲಿ ಇಬ್ಬರ ನಡುವೆ ನಾನು ಕೂತೆ. ಹಂಡೆ ಕಾಣಿಸಿದ್ದೇ ತಡ, ಅತ್ತೆಯ ಹರಳೆಣ್ಣೆ ವಾಸನೆಯ ಅಂಗೈ ನನ್ನ ಕಣ್ಣಿನ ಮೇಲೆ ಬಂತು. ಬೆರಳ ಸಂದಿಯಿಂದ ನಾನು ಎಲ್ಲವನ್ನೂ ನೋಡುತ್ತಿದ್ದೆ.

"ನೋಡಿ, ನೋಡಿ! ಈಗ ತಾನೇ ಒಲೇಲಿ ಧಗಧಗ ಉರಿ ಇತ್ತು. ಅಷ್ಟರಲ್ಲೇ ನಮ್ಮ ಬೆಕ್ಕು ಒಲೆಯೊಳಗೆ ಮಲಗಿದೆ!" ಅವ್ವ ಪಿಸುಗುಟ್ಟಿದಳು.

"ಉರಿಯೋ ಒಲೇಲಿ ಮಲಗುತ್ತೆ ಅಂದ್ರೆ ಅದು ಬೆಕ್ಕೇ ಅಲ್ಲ," ಎಂದರು ಅತ್ತೆ.

"ಅಮಾವಾಸ್ಯೆ ಅಂತ ಈಗ ತಾನೇ ಅಂದ್ರು. ಮೇಲೆ ನೋಡಿದ್ರೆ ತಟ್ಟೆಯಷ್ಟಗಲ ಚಂದ್ರ!"

"ಅದಕ್ಕೇ ಅದನ್ನ ಮಾಯೆ ಅನ್ನೋದು."

"ಆಗ ದೆವ್ವದ ಹಣೇಲಿ ಕುಂಕುಮ ದುಂಡಗಿತ್ತು, ಈಗ ಉದ್ದಕ್ಕಿದೆ!"

"ರೂಪ ಬದಲಾಯಿಸ್ತಿದೆ. ಶಿವನೇ, ಕಾಪಾಡಪ್ಪಾ."

ಸಿನಿಮಾದವರ ಒಂದೊಂದು ತಪ್ಪೂ ದೆವ್ವದ ಲೆಕ್ಕಕ್ಕೇ ಜಮೆಯಾಯಿತು. ಇಂಟರ್‌ವಲ್ ಹೊತ್ತಿಗೆ ಅವ್ವ ಸೋತು ಸುಮ್ಮನಾದಳು. ನನ್ನ ತವರು ಕೈಬಿಟ್ಟುಹೋಯಿತೆಂದೇ ನಾನೂ ತಿಳಿದೆ.

ಆಮೇಲೆ ದೆವ್ವ ಮೊದಲ ಸಲ ತಲೆಯಿಂದ ಕಾಲಿನವರೆಗೆ ಕಾಣಿಸಿತು. ನೀರು ತೊಟ್ಟಿಕ್ಕುವ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು, ಬೀಸುವ ಗಾಳಿಯಲ್ಲಿ ಹಿತ್ತಿಲ ಬಾಗಿಲಲ್ಲಿ ನಿಂತಿತ್ತು. ನೆರೆದವರು ಉಸಿರು ಬಿಗಿಹಿಡಿದರು. ಅದು ಮಣ್ಣಿನ ಮಡಕೆಯೆತ್ತಿ ಗಟಗಟನೆ ತಣ್ಣೀರು ಕುಡಿಯಿತು.

ನನ್ನ ಕಣ್ಣ ಮೇಲಿನ ಕೈ ಜಾರಿ ಬಿತ್ತು.

"ಅಯ್ಯಯ್ಯೋ! ಹಸಿ ಬಾಣಂತಿ ತಣ್ಣೀರು ಕುಡಿಯೋದಾ?" ಅತ್ತೆ ಎದ್ದು ನಿಂತಿದ್ದರು. "ತಲೆಗೆ ಬಟ್ಟೆ ಎಲ್ಲಿ? ಕಿವಿಗೆ ಒಂದು ಚೂರು ಹತ್ತಿ ಇಟ್ಟಿಲ್ಲ! ಒದ್ದೆ ಕೂದಲಿಗೆ ಸಾಂಬ್ರಾಣಿ ಹೊಗೆ ಹಾಕೋರು ಒಬ್ಬರೂ ಇಲ್ವಾ ಆ ಮನೇಲಿ?"

ಹಿಂದಿನ ಬೆಂಚಿನಿಂದ ಒಬ್ಬಳು, "ಸೊಂಟಕ್ಕೂ ಬಟ್ಟೆ ಕಟ್ಟಿಲ್ಲ ನೋಡಕ್ಕ!" ಎಂದಳು. ಇನ್ನೊಬ್ಬಳು, "ಆ ಹೊಟ್ಟೆ ನೋಡ್ರೇ, ಹೆತ್ತವಳ ಹೊಟ್ಟೆ ಅನ್ಸುತ್ತಾ?" ಎಂದಳು. ದೆವ್ವ ತನ್ನ ಮಾವನ ಕತ್ತಿಗೆ ಕೈ ಹಾಕಿದಾಗ ಮೂಲೆಯ ಅಜ್ಜಿಯೊಬ್ಬಳು, "ಹಿಸುಕು ತಾಯಿ! ಒಂದು ಎಸಳು ಬೆಳ್ಳುಳ್ಳಿ ತಿನ್ನಿಸದ ಮನೆಯವರು!" ಎಂದು ಕೂಗಿದಳು. ಹೆಂಗಸರ ಕಡೆಯಿಂದೆದ್ದ ನಗು ಗಂಡಸರ ಕಡೆಗೂ ಹಬ್ಬಿ, ಟಾಕೀಸಿನ ತಗಡಿನ ಸೂರು ಹಾರಿಹೋಗುತ್ತದೇನೋ ಅನ್ನಿಸಿತು.

ಅತ್ತೆಯೊಬ್ಬರೇ ನಗುತ್ತಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದರು.

"ಇದು ದೆವ್ವ ಅಲ್ಲ ರುದ್ರಾಣಮ್ಮ," ಎಂದರು. "ಆರೈಕೆ ಕಾಣದ ಹೆಣ್ಣು. ನನಗೂ ತವರು ಅಂತ ಇರಲಿಲ್ಲ. ಹೆತ್ತ ವಾರಕ್ಕೇ ಬಾವಿಯಿಂದ ನೀರು ಸೇದಿದೀನಿ. ಆಗ ಸತ್ತಿದ್ರೆ ನಾನೂ ಹಿಂಗೇ ಅಲೀತಿದ್ದೆ."

ಅಷ್ಟು ದಿನ ಒಂದೇ ಸೂರಿನಡಿ ಇದ್ದರೂ ಆ ಮಾತನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ಅವ್ವ ನನ್ನ ಮಡಿಲ ಮೇಲಿಂದಲೇ ಕೈ ಚಾಚಿ ಅವರ ಕೈ ಹಿಡಿದಳು.

"ನೀವೂ ಬನ್ನಿ ಅಕ್ಕ. ಈ ಹುಡುಗಿಯ ಬಾಣಂತನ ಇಬ್ಬರೂ ಸೇರಿ ಮಾಡೋಣ. ಅದು ನಿಮಗೂ ತವರೇ ಅಂದ್ಕೊಳ್ಳಿ."

ಮರುದಿನ ನಮ್ಮ ಸವಾರಿ ಹೊರಟಿದ್ದನ್ನು ನೀವು ನೋಡಬೇಕಿತ್ತು! ಸುತ್ತುದಾರಿ ಬಿಟ್ಟು ಪೇಟೆಬೀದಿಯ ನಟ್ಟನಡುವೆಯೇ ನಡೆದೆವು. ಬೆಳ್ಳುಳ್ಳಿ ಗೊಂಚಲನ್ನು ಹೆಗಲಿಗೆ ಹಾಕಿಕೊಂಡು ಅತ್ತೆ ಮುಂದೆ, ಹೊಟ್ಟೆ ಹೊತ್ತುಕೊಂಡು ನಾನು ಮಧ್ಯೆ, ಯುದ್ಧ ಗೆದ್ದವಳ ಹಾಗೆ ಅವ್ವ ಹಿಂದೆ. ಅಂಗಡಿಗಳವರೆಲ್ಲ ಎದ್ದು ನಿಂತು ನೋಡಿದರು. ದೆವ್ವದ ಮನೆಯ ಹೊಸಿಲನ್ನು ಅತ್ತೆಯೇ ಮೊದಲು ದಾಟಿದರು. ಸಂಜೆ ಕೆಂಪಮ್ಮ ಹಾಲಿನ ತಂಬಿಗೆ ಹಿಡಿದು ನೇರವಾಗಿ ಅಡುಗೆಮನೆಗೇ ಬಂದಳು. ಆ ಚಿತ್ರ ಆಮೇಲೂ ಬಹಳ ದಿನ ಓಡಿತು. ದೆವ್ವ ಬಂದಾಗಲೆಲ್ಲ ಹೆಂಗಸರು "ಹತ್ತಿ! ಹತ್ತಿ!" ಎಂದು ಕೂಗುತ್ತಿದ್ದರಂತೆ.

ನನಗೆ ಹೆಣ್ಣುಮಗು ಹುಟ್ಟಿತು. ಮೊದಲ ಸಲ ನೀರೆರೆಯುವ ದಿನ ಅವ್ವ ಒಲೆ ಉರಿಸಿದಳು, ಅತ್ತೆ ಬಿಸಿನೀರನ್ನು ಚೆಂಬು ಚೆಂಬಾಗಿ ನನ್ನ ಬೆನ್ನಿಗೆ ಹುಯ್ದರು. ಕೂದಲಿಗೆ ಸಾಂಬ್ರಾಣಿ ಹೊಗೆ ಹಾಕಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಎರಡೂ ಕಿವಿಗೆ ಹತ್ತಿಯಿಟ್ಟರು. ಲೋಕದ ಸದ್ದೆಲ್ಲ ದೂರವಾಯಿತು. ಆಮೇಲೆ ಅತ್ತೆ ಇನ್ನೊಂದಿಷ್ಟು ಹತ್ತಿಯನ್ನು ಅಂಗೈಯಲ್ಲಿ ಉಂಡೆ ಮಾಡಿ, ಹಂಡೆಯ ಪಕ್ಕದ ಗೂಡಿನಲ್ಲಿ ಮೆಲ್ಲಗೆ ಇಟ್ಟದ್ದನ್ನು ಕಂಡೆ. ಯಾರಿಗೆಂದು ನಾನು ಕೇಳಲಿಲ್ಲ. ಹಬೆ ಒಂದು ಕ್ಷಣ ಆ ಗೂಡಿನ ಮುಂದೆ ನಿಂತು, ಆಮೇಲೆ ನಿಧಾನವಾಗಿ ಬೆಳಕಿಂಡಿಯ ಕಡೆಗೆ ಹೋಯಿತು.