ಫಕ್ಕೀರವ್ವನ ಕೊಕ್ಕೆ

ಉದ್ಯಾನದ ಬೆಂಚಿನ ಕೆಳಗೆ ಸಿಕ್ಕಿಕೊಂಡಿದ್ದ ಚಿಪ್ಸ್ ಪಾಕೀಟನ್ನು ಎಳೆಯಲು ಫಕ್ಕೀರವ್ವ ನನ್ನನ್ನು ಒಳಗೆ ತೂರಿಸಿದ್ದಳು. ಮೇಲೆ ಕುಳಿತವರು ಕಾಲೆತ್ತಲಿಲ್ಲ. ಅವರ ಚಪ್ಪಲಿಗಳ ನಡುವೆ ದಾರಿ ಹುಡುಕಿ ನನ್ನನ್ನು ಆಡಿಸಿದಳು.

ನಾನು ಕಸ ಕೆದಕುವ ಕಬ್ಬಿಣದ ಕೊಕ್ಕೆ. ಕಟ್ಟಡದವರು ಎಸೆದ ಸರಳಿನ ತುಂಡೊಂದು ಕಮ್ಮಾರನ ಕುಲುಮೆಯಲ್ಲಿ ಬಾಗಿ ನಾನಾದೆ. ಮಾಡಿಸಿದವಳು ಫಕ್ಕೀರವ್ವನ ಅತ್ತೆ. ಅವಳ ಸೊಂಟ ಹಿಡಿದುಕೊಂಡ ವರ್ಷ ಸೊಸೆಯ ಕೈಗೆ ಬಂದೆ.

ಆಗ ಇಲ್ಲಿ ಹುಲ್ಲುಹಾಸಿರಲಿಲ್ಲ. ಊರೆಲ್ಲ ತಂದು ಸುರಿದ ಕಸದ ಗುಡ್ಡವಿತ್ತು, ಬೇಸಿಗೆಯಲ್ಲಿ ಒಳಗೊಳಗೇ ಉರಿಯುತ್ತಿತ್ತು. ಕೆದಕಿದರೆ ತಂತಿ, ಬಾಟಲಿ, ಒಮ್ಮೊಮ್ಮೆ ಸತ್ತ ನಾಯಿ. ಫಕ್ಕೀರವ್ವ ಮತ್ತು ಅವಳ ಗೆಳತಿ ಹುಲಿಗೆವ್ವ ಒಂದೇ ಡಬ್ಬಿಯ ರೊಟ್ಟಿ ತಿನ್ನುತ್ತಿದ್ದರು. ಹುಲಿಗೆವ್ವನ ಕಾಲಿಗೆ ನಟ್ಟ ಗಾಜನ್ನು ಇವಳು ಹಲ್ಲಿನಿಂದ ಕಿತ್ತಿದ್ದುಂಟು.

ಆಮೇಲೆ ನಗರಸಭೆಯವರ ಕಾಗದ ಬಂತು. ಕಸ ಬೇರ್ಪಡಿಸಲು ಶೆಡ್ಡು ಕಟ್ಟುತ್ತೇವೆ, ಎಲ್ಲರಿಗೂ ನೆರಳಲ್ಲಿ ಕೆಲಸ ಎಂದರು. ಗುಡ್ಡದ ಪಕ್ಕದ ಗುಡಿಸಲುಗಳಲ್ಲಿ ಸಹಿ ಬರುತ್ತಿದ್ದವಳು ಫಕ್ಕೀರವ್ವ ಒಬ್ಬಳೇ. ಅವಳೇ ಮನೆಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿದಳು. ಕಾಗದ ಓದಲಿಲ್ಲ, ಹೆಸರು ಬರೆಯುವುದಷ್ಟೇ ಅವಳ ವಿದ್ಯೆ. ಶೆಡ್ಡು ಬರಲಿಲ್ಲ; ಗುಡ್ಡಕ್ಕೆ ಮಣ್ಣು ಹೊದಿಸಿ, ಬೇಲಿ ಹಾಕಿ, ಉದ್ಯಾನವೆಂದರು. ಕಸದ ಲಾರಿಗಳು ಹದಿನಾಲ್ಕು ಕಿಲೋಮೀಟರ್ ಆಚೆಗೆ ಹೋದವು. ಉದ್ಯಾನದ ಕಸ ಆಯುವ ಕೆಲಸ ಸಿಕ್ಕಿದ್ದು ಇವಳೊಬ್ಬಳಿಗೆ, ಸಮವಸ್ತ್ರದ ಹಸಿರು ಸೀರೆಯ ಜೊತೆ.

ಇವತ್ತು ಬೇಲಿಯಾಚೆ ಖಾಲಿ ಚೀಲ ಹಿಡಿದು ನಿಂತಿದ್ದ ಹುಲಿಗೆವ್ವ ಕೂಗಿದಳು: "ಏನವಾ, ಸೀರಿ ಭಾಳ ಒಪ್ಪತೈತಿ! ಹೆಬ್ಬಟ್ಟು ನಮ್ದು, ಸೀರಿ ನಿಂದು!"

"ನನಗೂ ಗೊತ್ತಿದ್ದಿಲ್ಲ ಹುಲಿಗಿ..."

"ನಿನಗ ಗೊತ್ತಿದ್ದಿಲ್ಲ? ನಮ್ಮೊಳಗ ಓದಿದಾಕಿ ನೀನ ಅಲ್ಲೇನ?"

ಅವಳು ಹೋದ ಮೇಲೆ ಸೂಪರ್‌ವೈಜರ್ ಈರಪ್ಪ ಬಂದ. ಕೈಯಲ್ಲಿ ಇನ್ನೊಂದು ಕಾಗದ.

"ಫಕ್ಕೀರವ್ವ, ವಾಕಿಂಗಿಗೆ ಬರೋರು ನಿಮ್ಮ ಗುಡಸಲಾ ನೋಡಿ ಮಾರಿ ಕಿವಚತಾರ. ಬ್ಯಾರೆ ಕಡೆ ಮನಿ ಕೊಡ್ತಾರಂತ ಹೇಳಿ ಹೆಬ್ಬಟ್ಟು ಹಾಕಸ್ಕೊಂಡ ಬಾ."

"ಖರೇನ ಕೊಡ್ತಾರೇನ್ರಿ?"

"ಅದು ನಿನಗ್ಯಾಕ? ಸೋಮವಾರದೊಳಗ ಆಗಬೇಕು. ಇಲ್ಲಂದ್ರ ನಿನ್ನ ಜಾಗಾಕ್ಕ ಬರಾಕ ಭಾಳ ಮಂದಿ ಅದಾರ."

"ಹೂಂನ್ರಿ," ಎಂದು ಕಾಗದ ತೆಗೆದುಕೊಂಡಳು.

ನನಗೆ ವಯಸ್ಸಾಗಿದೆ. ಮೊನೆ ಮೊಂಡಾಗಿದೆ. ಹುಲ್ಲಿನ ಮೇಲಿನ ಪಾಕೀಟು ಎತ್ತಲು ಅಷ್ಟು ಸಾಕು. ಆದರೂ ಎಲ್ಲಾದರೂ ತುಸು ಆಳಕ್ಕೆ ಇಳಿದರೆ ಹಳೆಯ ಪ್ಲಾಸ್ಟಿಕ್ಕು ತಗಲುತ್ತದೆ. ಗುಡ್ಡ ಎಲ್ಲಿಗೂ ಹೋಗಿಲ್ಲ. ಹೋಗಬೇಕಾದವರು ಅದನ್ನು ಕೆದಕಿ ಬದುಕಿದವರು ಮಾತ್ರ.

ಸಂಜೆ ಗುಡಿಸಲುಗಳ ನಡುವೆ ನಡೆಯುವಾಗ ಫಕ್ಕೀರವ್ವ ಒಂದು ಬಾಗಿಲಲ್ಲೂ ನಿಲ್ಲಲಿಲ್ಲ. ಹುಲಿಗೆವ್ವ ಕಂಡವಳೇ ಮುಖ ತಿರುಗಿಸಿದಳು. ಈ ಕಾಗದದ ಸಂಗತಿ ಇವಳು ಹೇಳಿದ್ದರೆ ಆ ಸಿಟ್ಟು ಇಳಿಯುತ್ತಿತ್ತು. ಮನೆಗೆ ಬಂದು ಕಾಗದವನ್ನು ಒಲೆಗೆ ಹಾಕಿದಳು.

"ಏನದು ಸುಡೂದು?" ಅತ್ತೆ ಮಲಗಿದಲ್ಲಿಂದಲೇ ಕೇಳಿದಳು.

"ಏನಿಲ್ಲತ್ತಿ, ಕಸ."

ಬೇರೆ ಯಾರೋ ಬೇರೆ ಕಾಗದ ತರುತ್ತಾರೆ, ಹೆಬ್ಬೆಟ್ಟುಗಳು ಬಿದ್ದೇ ಬೀಳುತ್ತವೆ. ಇವಳ ಕೈಯಿಂದಲ್ಲ, ಅಷ್ಟೇ. ಸೋಮವಾರ ಕಳೆದರೆ ಈ ಕೆಲಸವಿಲ್ಲ, ಹದಿನಾಲ್ಕು ಕಿಲೋಮೀಟರ್ ಆಚೆಯ ಕಸಕ್ಕೆ ಮೊಂಡು ಮೊನೆ ಸಾಲದು. ಅವಳು ಹೊಸ್ತಿಲ ಬಳಿ ಕುಳಿತು, ಕಲ್ಲಿಗೆ ನೀರು ಚಿಮುಕಿಸಿ, ನನ್ನ ಮೊನೆಯನ್ನು ಮಸೆಯತೊಡಗಿದಳು.