ಯಾರದೋ ಎಡತೋಳು

ಮಾಸ್ಟರಮ್ಮನ ಮಂಡಿ ಕೈಕೊಟ್ಟಿತು. ಅಲ್ಲಿಂದ ಶುರುವಾಯಿತು ಇದೆಲ್ಲ.

ಇಪ್ಪತ್ತೆರಡು ವರ್ಷ ಆಕೆ ನೆಲದ ಮೇಲೆ ಕಂದು ಕಾಗದ ಹಾಸಿ, ಅದರ ಮೇಲೆ ಮಂಡಿಯೂರಿ ಕುಳಿತು, ಅಂಗಿ, ಕೋಟು, ಸಮವಸ್ತ್ರಗಳ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ, ಬರೆದವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಎರಡು ಹೊಲಿಗೆ ಯಂತ್ರ, ನಡುವೆ ಕತ್ತರಿಸುವ ಮೇಜು, ಮೂಲೆಯಲ್ಲಿ ಇಸ್ತ್ರಿ. ಹೊಲಿಯುವವಳು ನಾದಿನಿ, ಅಳತೆ ಮತ್ತು ಕತ್ತರಿ ಇವಳದು. ಕಟಿಂಗ್ ಮಾಸ್ಟರ್ ಎಂದರೆ ಗಂಡಸೇ ಇರಬೇಕು ಎಂದುಕೊಂಡು ಬಂದ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು “ಮಾಸ್ಟರ್... ಅಮ್ಮ...” ಎಂದು ತಡವರಿಸಿದ್ದು ಹಾಗೇ ಹೆಸರಾಗಿ ಉಳಿದಿತ್ತು.

ಕಣ್ಣಾಸ್ಪತ್ರೆಯೊಂದರಿಂದ ಅರವತ್ತು ಬಿಳಿ ಕೋಟುಗಳ ಕೆಲಸ ಬಂತು. ಏಳು ಅಳತೆ. ಒಂದೊಂದಕ್ಕೂ ಬೇರೆ ಪ್ಯಾಟರ್ನ್. ಅದೇ ವಾರ ವೈದ್ಯರು, ನೆಲದ ಮೇಲೆ ಇನ್ನು ಕೂರಲೇಬಾರದು ಎಂದರು. ಶಾಲೆಯ ವ್ಯಾನು ಓಡಿಸುವ ಗಂಡ, ಯಾರೋ ಹೇಳಿದ ಮಾತು ಕೇಳಿ, ಕಂಪ್ಯೂಟರ್ ಅಂಗಡಿಯಿಂದ ಒಂದು ಹಳೆಯ ಕಂಪ್ಯೂಟರ್ ಮತ್ತು ಒಂದು ಕಾರ್ಡ್ ತಂದುಕೊಟ್ಟ. ಪ್ಯಾಟರ್ನ್ ಬರೆಯುವ ತಂತ್ರಾಂಶಕ್ಕೆ ಒಂದು ವರ್ಷದ ಚಂದಾ. ಬೂದು ಪಟ್ಟಿಯನ್ನು ಕೆರೆದರೆ ಹದಿನಾರು ಅಕ್ಷರದ ಕೋಡ್. “ಇದನ್ನ ಹೊಡೆದ್ರೆ ಸಾಕಂತೆ, ಬಾಗಿಲು ತೆಗೆದುಕೊಳ್ಳತ್ತಂತೆ” ಎಂದ.

ಬಾಗಿಲು ತೆಗೆದುಕೊಳ್ಳಲಿಲ್ಲ. ‘ಈ ಕೋಡ್ ಈಗಾಗಲೇ ಬಳಕೆಯಾಗಿದೆ’ ಎಂದು ಕೆಂಪು ಅಕ್ಷರದಲ್ಲಿ ಬಂತು.

ಅಂಗಡಿಯವನು, ಒಮ್ಮೆ ಕೆರೆದ ಕಾರ್ಡಿಗೂ ತನಗೂ ಸಂಬಂಧವಿಲ್ಲ, ಸಹಾಯವಾಣಿಗೆ ಫೋನ್ ಮಾಡಿ ಎಂದ. ಮಾಡಿದಳು. ಹತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಸಿಕ್ಕಿದ.

“ನಿಮ್ಮ ಸಮಸ್ಯೆ ನಮಗೆ ಅರ್ಥವಾಗಿದೆ ಮೇಡಂ. ಈ ಕೋಡ್ ಬಳಕೆಯಾಗಿದೆ.”

“ಅದನ್ನೇ ಅಲ್ವೇನಪ್ಪ ನಾನೂ ಹೇಳ್ತಿರೋದು? ನಾನು ಬಳಸಿಲ್ಲ.”

“ಬಳಸಿದ ಕೋಡನ್ನ ಮತ್ತೆ ಬಳಸೋಕೆ ಆಗಲ್ಲ ಮೇಡಂ.”

“ಮತ್ತೆ ಎಲ್ಲಿ ಬಳಸ್ತಿದೀನಿ? ಮೊದಲನೇ ಸಲ ಬಳಸ್ತಿದೀನಿ.”

“ಮೊದಲನೇ ಸಲ ಆಗೋಗಿದೆ ಮೇಡಂ.”

ಮಾಸ್ಟರಮ್ಮ ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದಳು. ಯಂತ್ರ ನಿಲ್ಲಿಸಿ ಕೇಳುತ್ತಿದ್ದ ನಾದಿನಿ, “ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು ಅತ್ತಿಗೆ” ಎಂದಳು.

ಮರುದಿನ ಬೇರೆ ದನಿ, ಅದೇ ಮಾತು. ಅದರ ಮರುದಿನ ಮತ್ತೊಂದು. ಪ್ರತಿ ಸಲವೂ ಕಥೆಯನ್ನು ಬುಡದಿಂದ ಹೇಳಬೇಕು. ಕಾರ್ಡಿನ ಎರಡೂ ಬದಿಯ ಫೋಟೊ ಕಳಿಸಿ ಎಂದರು, ಕಳಿಸಿದಳು. ಫೋಟೊದಲ್ಲಿ ಬೆರಳು ಕಾಣುತ್ತಿದೆ, ಬೆರಳಿಲ್ಲದೆ ಕಳಿಸಿ ಎಂದರು. ನಾಲ್ಕನೇ ದಿನ ಸಿಕ್ಕವನು ಮಾತ್ರ ಚುರುಕು. ಕಟಕಟ ಏನೋ ಒತ್ತಿದ ಸದ್ದು ಕೇಳಿಸಿತು.

“ಆಯ್ತು ಮೇಡಂ. ಆ ಕೋಡ್ ಮೇಲೆ ತೆರೆದಿರೋ ಖಾತೆಗೇ ನಿಮ್ಮ ಇ-ಮೇಲ್ ಸೇರಿಸಿಬಿಟ್ಟಿದೀನಿ. ನಿಮ್ಮ ದೂರಿನ ಮೇಲೆ ವಿಶೇಷ ತಂಡದವರು ಕೆಲಸ ಮಾಡ್ತಿರ್ತಾರೆ. ಅಲ್ಲೀತನಕ ಇದನ್ನೇ ಬಳಸಿ.”

ಯಾರು ತೆರೆದ ಖಾತೆ ಎಂದು ಕೇಳುವುದು ಅವಳಿಗೆ ಆಗ ಹೊಳೆಯಲಿಲ್ಲ. ಒಳಗೆ ಹೋಗಲು ಆಯಿತಲ್ಲ, ಸಾಕಾಗಿತ್ತು.

ಒಂದು ವಾರ ಗೆರೆ ಎಳೆಯುವುದನ್ನು, ಅಳಿಸುವುದನ್ನು ಕಲಿತಳು. ನೆಲದಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಕೋಟಿನ ಬೆನ್ನು ಕುರ್ಚಿಯ ಮೇಲೆ ಕೂತು ಒಂದು ಗಂಟೆಯಲ್ಲಿ ಮುಗಿಯಿತು. ಆದರೆ ಕೆಲಸದ ನಡುವೆ ಇದ್ದಕ್ಕಿದ್ದ ಹಾಗೆ ಪರದೆ ಮುಚ್ಚಿಕೊಳ್ಳುತ್ತಿತ್ತು. ‘ನೀವು ಈ ಖಾತೆಯನ್ನು ಬೇರೊಂದು ಕಡೆ ತೆರೆದಿದ್ದೀರಿ’ ಎಂಬ ಸಾಲು ಬರುತ್ತಿತ್ತು.

“ನಾನು ಇಲ್ಲೇ ಕೂತಿದೀನಲ್ಲೇ?” ಎಂದು ನಾದಿನಿಯನ್ನು ಕೇಳಿದಳು.

“ನನಗೆ ಕಾಣ್ತಿರೋ ಮಟ್ಟಿಗೆ ಇಲ್ಲೇ ಇದೀರಿ ಅತ್ತಿಗೆ.”

ಆಮೇಲೆ ಕಣ್ಣಿಗೆ ಬಿದ್ದದ್ದು ಆ ಫೈಲುಗಳು. ಅವಳ ಕೋಟುಗಳ ಕೆಳಗೆ, ಅವಳು ಬರೆಯದ ಹತ್ತೆಂಟು ಪ್ಯಾಟರ್ನ್. ‘ಕಂಡಕ್ಟರ್ ಅಂಗಿ’, ‘ಅಜ್ಜಿ ರವಿಕೆ’, ‘ಟೀಚರ್ ಪ್ಯಾಂಟು’. ಕಂಪನಿಯವರು ಕಲಿಯಲು ಕೊಟ್ಟ ಮಾದರಿಗಳಿರಬೇಕು ಎಂದುಕೊಂಡು ತೆರೆದಳು. ಕಂಡಕ್ಟರ್ ಅಂಗಿಯ ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಗಿಡ್ಡ. ಟೀಚರ್ ಪ್ಯಾಂಟಿನ ಒಂದು ಕಾಲು ಅಗಲ. ರವಿಕೆಗೆ ಒಂದು ಹೆಗಲು ಇಳಿಜಾರು. ಇಂಥ ಮಾದರಿ ಇಟ್ಟುಕೊಂಡು ಯಾರಿಗೆ ಏನು ಕಲಿಸುತ್ತಾರೆ? ಇಪ್ಪತ್ತೆರಡು ವರ್ಷ ತಪ್ಪು ತಿದ್ದಿದ ಕೈ ಸುಮ್ಮನಿರಲಿಲ್ಲ. ಎಡತೋಳನ್ನು ಬಲತೋಳಿನ ಉದ್ದಕ್ಕೆ ಸರಿಮಾಡಿ ಉಳಿಸಿದಳು.

ಮರುದಿನ ತೋಳು ಮತ್ತೆ ಗಿಡ್ಡವಾಗಿತ್ತು. ಮತ್ತೆ ತಿದ್ದಿದಳು. ಮೂರನೇ ದಿನ ಮತ್ತೆ ಗಿಡ್ಡ. ಈಗ ಹೆದರಿಕೆಯಾಯಿತು. ತನ್ನ ಕೋಟುಗಳ ತೋಳುಗಳೂ ಹೀಗೆ ತಾವಾಗಿಯೇ ಕುಗ್ಗಿಬಿಟ್ಟರೆ? ಸಹಾಯವಾಣಿಗೆ ಫೋನ್ ಮಾಡಿದಳು.

“ನಿಮ್ಮ ತಂತ್ರಾಂಶದಲ್ಲಿ ಎಡತೋಳು ಗಿಡ್ಡ ಆಗ್ತಾ ಇದೆ.”

“ಬಲತೋಳಲ್ಲಿ ಏನಾದ್ರೂ ಸಮಸ್ಯೆ ಇದೆಯಾ ಮೇಡಂ?”

“ಇಲ್ಲ.”

“ಹಾಗಿದ್ರೆ ಸದ್ಯಕ್ಕೆ ಬಲತೋಳು ಬಳಸಿ ಮೇಡಂ.”

ನಾದಿನಿ ನಕ್ಕೂ ನಕ್ಕೂ ಸೂಜಿ ಚುಚ್ಚಿಕೊಂಡಳು. ಮಾಸ್ಟರಮ್ಮನಿಗೆ ನಗು ಬರಲಿಲ್ಲ. ತಲೆ ಮೊಸರುಗಡಿಗೆಯಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಒಂದು ಹೊಸ ಫೈಲು ಇತ್ತು. ಒಳಗೆ ಒಂದು ಗೆರೆಯೂ ಇಲ್ಲ. ಹೆಸರು ಇರಬೇಕಾದ ಜಾಗದಲ್ಲಿ ಎರಡು ಸಾಲು: ‘ದಯವಿಟ್ಟು ಎಡತೋಳು ಮುಟ್ಟಬೇಡಿ. ಅವರ ಕೈ ಇರೋದೇ ಅಷ್ಟು.’

ಅದನ್ನು ಎರಡು ಸಲ ಓದಿದಳು. ಕುರ್ಚಿಯಿಂದ ಎದ್ದು, ಕಾರಣವಿಲ್ಲದೆ ಇಸ್ತ್ರಿಪೆಟ್ಟಿಗೆಯನ್ನು ಅತ್ತಿಂದಿತ್ತ ಇಟ್ಟಳು.

“ಏನಾಯ್ತು ಅತ್ತಿಗೆ?”

“ಇದು ಯಾರೋ ಮನುಷ್ಯರು ಕಣೇ. ಮಾದರಿ ಅಲ್ಲ, ಏನಲ್ಲ. ಯಾರದೋ ಮೈಯಳತೆಗೆ ನಾನು ಕೈ ಹಾಕಿದೀನಿ.”

ಮಾತಾಡಲು ಬೇರೆ ದಾರಿ ಗೊತ್ತಿರಲಿಲ್ಲ. ಅವಳೂ ಖಾಲಿ ಫೈಲು ತೆರೆದು ಹೆಸರಿಟ್ಟಳು: ‘ಕ್ಷಮಿಸಿ. ಗೊತ್ತಿರಲಿಲ್ಲ. ನೀವು ಯಾರು?’

ಮಧ್ಯಾಹ್ನ ಉತ್ತರ ಬಂತು: ‘ದರ್ಜಿ. ನೀವು?’

‘ನಾನೂ. ಈ ಖಾತೆ ನನ್ನದು ಅಂದುಕೊಂಡಿದ್ದೆ.’

‘ನಾನೂ.’

ಅಂತೂ ಗೊತ್ತಾದದ್ದು ಇಷ್ಟು: ಇಬ್ಬರ ಕೈಯಲ್ಲೂ ಕಾರ್ಡ್ ಇದೆ, ಎರಡರ ಮೇಲೂ ಒಂದೇ ಕೋಡ್. ಆ ದರ್ಜಿ ಮೊದಲು ಹೊಡೆದದ್ದು, ಇವಳು ಆಮೇಲೆ. ಯಾರ ಕಾರ್ಡ್ ಸರಿ, ಯಾರದು ತಪ್ಪು, ಇಬ್ಬರಿಗೂ ತಿಳಿಯದು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ. ಹಾಗಾಗಿ ಮಧ್ಯಾಹ್ನದವರೆಗೆ ಇವಳು, ಆಮೇಲೆ ಅವರು ಎಂದು ಫೈಲಿನ ಹೆಸರಿನಲ್ಲೇ ಒಪ್ಪಂದವಾಯಿತು. ಫೋನ್ ನಂಬರ್ ಬರೆದುಬಿಡಲೇ ಎಂದು ಯೋಚಿಸಿದಳು. “ಯಾರೋ ಏನೋ, ಸುಮ್ಮನಿರಿ” ಎಂದಳು ನಾದಿನಿ. ಆ ಕಡೆಯವರು ಹೆಂಗಸೇ ಇರಬೇಕು, ಫೈಲುಗಳನ್ನು ಅಷ್ಟು ನೀಟಾಗಿ ಜೋಡಿಸಿದ್ದಾರೆ ಎನ್ನುವುದು ಮಾಸ್ಟರಮ್ಮನ ಲೆಕ್ಕಾಚಾರ.

ಕೋಟುಗಳ ಏಳೂ ಪ್ಯಾಟರ್ನ್ ಮುಗಿದವು. ಬೆಳಿಗ್ಗೆ ಅಚ್ಚು ತೆಗೆದು ಬಟ್ಟೆಯ ಮೇಲಿಡುವುದೊಂದೇ ಬಾಕಿ. ಒಪ್ಪಿಸಲು ಇನ್ನು ಹನ್ನೆರಡು ದಿನ.

ಬೆಳಿಗ್ಗೆ ಖಾತೆ ತೆರೆದರೆ ಕೋಟುಗಳಿಲ್ಲ. ಒಂದೂ ಇಲ್ಲ. ಮೇಲ್ಗಡೆ ‘ಸ್ವಾಗತ’ ಎಂದು ಬರೆದು ಪಕ್ಕದಲ್ಲಿ ಇದುವರೆಗೆ ಇಲ್ಲದ, ಯಾರೋ ಗಂಡಸಿನ ಹೆಸರು. ಕೆಳಗೆ ಕಂಡಕ್ಟರ್, ಅಜ್ಜಿ, ಟೀಚರ್, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದಾರೆ. ಇ-ಮೇಲಿನಲ್ಲಿ ಒಂದು ಪತ್ರ: ‘ವಿಶೇಷ ತಂಡವು ನಿಮ್ಮ ದೂರನ್ನು ಬಗೆಹರಿಸಿದೆ. ಎರಡು ಖಾತೆಗಳನ್ನು ಬೇರ್ಪಡಿಸಲಾಗಿದೆ.’

ಈ ಸಲ ಫೋನಿನಲ್ಲಿ ಸಿಕ್ಕವಳು ಒಬ್ಬ ಹುಡುಗಿ. ಮಾತಿಗೊಮ್ಮೆ ಕೆಮ್ಮುತ್ತಿದ್ದಳು.

“ನಿಮ್ಮ ಫೈಲುಗಳೆಲ್ಲ ಭದ್ರವಾಗಿವೆ ಮೇಡಂ. ನನಗೆ ಕಾಣಿಸ್ತಿದೆ, ಹದಿನೆಂಟಿವೆ.”

“ಅವು ನನ್ನವಲ್ಲಮ್ಮ. ನನ್ನವು ಏಳು ಕೋಟು.”

“ನಿಮ್ಮ ಖಾತೇಲಿ ಇರೋವೆಲ್ಲ ನಿಮ್ಮವೇ ಮೇಡಂ.”

“ಖಾತೇನೂ ನನ್ನದಲ್ಲ ಅನ್ಸತ್ತೆ. ಬೇರೆ ಹೆಸರಿದೆ.”

“ಹಾಗಾದ್ರೆ...” ಹುಡುಗಿ ಕೆಮ್ಮಿದಳು. “ಹಾಗಾದ್ರೆ ಈ ಖಾತೆ ಬಗ್ಗೆ ನಾನು ನಿಮ್ಮ ಹತ್ರ ಮಾತಾಡೋ ಹಾಗೇ ಇಲ್ಲ ಮೇಡಂ. ಆ ಹೆಸರಿನವರೇ ಫೋನ್ ಮಾಡಬೇಕು.”

“ಅವರ ನಂಬರ್ ಕೊಡು, ನಾನೇ ಹೇಳ್ತೀನಿ.”

“ಕೊಡೋ ಹಾಗಿಲ್ಲ.”

“ಮತ್ತೆ ನನ್ನ ಖಾತೆ ಎಲ್ಲಿದೆ?”

ಆ ಕಡೆ ಕೀಲಿಮಣೆ ಕಟಕಟ ಎಂದಿತು. ಆಮೇಲೆ ಹುಡುಗಿ ದನಿ ತಗ್ಗಿಸಿ, “ನಿಜ ಹೇಳ್ಲಾ ಅಮ್ಮ? ನನಗೂ ಅರ್ಥ ಆಗ್ತಿಲ್ಲ. ನನ್ನ ಪರದೇಲಿ ಇದು ಬಗೆಹರಿದಿದೆ ಅಂತ ಹಸಿರು ಬಂದುಬಿಟ್ಟಿದೆ. ಹಸಿರು ಬಂದಮೇಲೆ ನಾವು ಏನೂ ಮುಟ್ಟೋಕೆ ಬರಲ್ಲ” ಎಂದಳು.

ಮಾಸ್ಟರಮ್ಮನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. “ಕೆಮ್ಮಿಗೆ ಬಿಸಿನೀರು ಕುಡಿ” ಎಂದು ಫೋನಿಟ್ಟಳು. ಆಮೇಲೆ ಕಂದು ಕಾಗದದ ಸುರುಳಿ ಬಿಚ್ಚಿ ನೆಲಕ್ಕೆ ಹಾಸಿದಳು.

“ಅತ್ತಿಗೆ, ಡಾಕ್ಟ್ರು ಏನಂದಿದಾರೆ?”

“ಡಾಕ್ಟ್ರು ಕೋಟು ಹಾಕ್ಕೊಂಡು ಹಾಗಂದ್ರು. ಆ ಕೋಟು ಯಾರಾದ್ರೂ ಬರೀಬೇಕಲ್ಲ?”

ದಿಂಬಿನ ಮೇಲೆ ಮಂಡಿ ಊರಿ ಎರಡು ದಿನ ಎಳೆದಳು. ಎರಡು ಅಳತೆ ಮುಗಿಯುವಷ್ಟರಲ್ಲಿ ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಮೂರನೇ ದಿನ ಮಧ್ಯಾಹ್ನ ನಾದಿನಿ ಫೋನ್ ತಂದು ಕಿವಿಗೆ ಹಿಡಿದಳು.

“ಬಿಳಿ ಕೋಟಿನವರಾ?” ಗಂಡಸಿನ ದನಿ. ಮೆಲ್ಲಗೆ, ಅಳೆದು ಮಾತಾಡುವ ದನಿ. “ನಾನು ಎಡತೋಳಿನವನು.”

ಅವಳಿಗೆ ಒಂದು ಕ್ಷಣ ತಲೆಬುಡ ತಿಳಿಯಲಿಲ್ಲ. ಆಮೇಲೆ ನೆಲದ ಮೇಲೇ ಕಾಲು ಚಾಚಿ ಕೂತುಬಿಟ್ಟಳು. “ಅಯ್ಯೋ, ನೀವಾ! ನನ್ನ ನಂಬರ್ ಹೇಗೆ ಸಿಕ್ತು?”

“ನಿಮ್ಮ ಕೋಟುಗಳು ನನ್ನ ಖಾತೇಲಿವೆ. ಒಂದೊಂದು ತುಂಡಿನ ಮೂಲೇಲೂ ಅಂಗಡಿ ನಂಬರ್ ಬರೆದಿದೀರಲ್ಲ. ಎರಡು ದಿನ ಇವರ ಸಹಾಯವಾಣೀಲೇ ಒದ್ದಾಡಿದೆ. ನಂಬರ್ ಮೇಲೆ ಈಗ ಕಣ್ಣು ಬಿತ್ತು.”

ಅದು ಅವಳ ಹಳೆಯ ಅಭ್ಯಾಸ. ಎರವಲು ಕೊಟ್ಟ ಕಾಗದದ ತುಂಡುಗಳು ಬೇರೆಯವರ ಅಂಗಡಿಯಲ್ಲಿ ಕಳೆದುಹೋಗುತ್ತವೆಂದು ಮೂಲೆಯಲ್ಲಿ ನಂಬರ್ ಬರೆಯುತ್ತಿದ್ದಳು. ಕಂಪ್ಯೂಟರಿನಲ್ಲೂ ಕೈ ಹಾಗೇ ಬರೆದಿತ್ತು.

ಆತ ಒಂದು ಆಸ್ಪತ್ರೆಯಲ್ಲಿ, ಅಪಘಾತವಾದವರಿಗೂ ಪಾರ್ಶ್ವವಾಯು ಬಡಿದವರಿಗೂ ಮತ್ತೆ ನಡೆಯಲು ಕಲಿಸುವ ವಿಭಾಗದಲ್ಲಿ, ಬಟ್ಟೆ ಹೊಲಿಯುವವನು. ಪೇಟೆಯ ಬಟ್ಟೆ ಅವರ ಮೈಗೆ ಕೂರುವುದಿಲ್ಲ.

“ನಾನು ಆ ಕಂಡಕ್ಟರ್ ಅಂಗೀನ...” ಎಂದು ಅವಳು ತಡವರಿಸಿದಳು.

“ನೀವು ತಿದ್ದಿದ್ದನ್ನ ಒಂದು ಸಲ ನೋಡದೆ ಕತ್ತರಿಸಿಬಿಟ್ಟೆ. ಹಾಕಿಸಿದ್ರೆ ತೋಳು ಜೋತಾಡ್ತು. ಆತ ನಕ್ಕು, ‘ಪರವಾಗಿಲ್ಲ ಬಿಡಿ, ಈ ಕೈ ಬೆಳೆಯತ್ತೆ ಅಂತ ಯಾರಿಗೋ ನಂಬಿಕೆ ಇದೆ’ ಅಂದ.”

ಅವಳಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಪೆನ್ನು ಹುಡುಕಿ ಆತನ ಇ-ಮೇಲ್ ವಿಳಾಸ ಬರೆದುಕೊಂಡಳು, ತನ್ನದನ್ನೂ ಹೇಳಿದಳು.

ಸಂಜೆಯೊಳಗೆ ಏಳು ಕೋಟುಗಳು ಇ-ಮೇಲಿನಲ್ಲಿ ಬಂದವು. ಹದಿನೆಂಟು ಫೈಲುಗಳು ಅತ್ತ ಹೋದವು. ಎರಡು ದಿನ ತಡವಾಗಿ ಕೋಟು ಒಪ್ಪಿಸಿದರೆ ಕಣ್ಣಾಸ್ಪತ್ರೆಯ ಉಗ್ರಾಣದವರು ತಡವಾದದ್ದನ್ನು ಗಮನಿಸಲೂ ಇಲ್ಲ. ಆ ಎರಡು ದಿನಕ್ಕಾಗಿ ಮಂಡಿ ಸವೆಸಿದವಳಿಗೆ ಅದರಿಂದ ಸಮಾಧಾನವಾಗಬೇಕೋ ಸಂಕಟವಾಗಬೇಕೋ ತಿಳಿಯಲಿಲ್ಲ. ಖಾತೆ ಇಂದಿಗೂ ಅವಳನ್ನು ಆತನ ಹೆಸರಿನಿಂದಲೇ ಸ್ವಾಗತಿಸುತ್ತದೆ. ಎರಡು ಕಾರ್ಡಿಗೆ ಒಂದೇ ಕೋಡ್ ಹೇಗೆ ಬಂತೆಂದು ಕೇಳಿದರೆ, ಹಾಗೆ ಬರಲು ಸಾಧ್ಯವೇ ಇಲ್ಲ ಎನ್ನುತ್ತಾರೆ.

ಹದಿನೈದು ದಿನ ಕಳೆದ ಮೇಲೆ ಆತನ ಫೋನ್ ಬಂತು. ಆರು ಮಂದಿ ಬಟ್ಟೆಗೆ ಕಾಯುತ್ತಿದ್ದಾರೆ, ತಾನು ಒಬ್ಬನೇ, ಒಂದು ಅಂಗಿಯನ್ನಾದರೂ ನೀವು ಹೊಲಿದುಕೊಡುತ್ತೀರಾ ಎಂದು ಕೇಳಿದ. ಅಳತೆ ಕಳಿಸಿ ಎಂದಳು.

ನಾದಿನಿ ಅಳತೆಯ ಚೀಟಿಯನ್ನು ಗಟ್ಟಿಯಾಗಿ ಓದಿದಳು. ಕುತ್ತಿಗೆ, ಎದೆ, ಬಲ ಹೆಗಲು. ಎಡ ಹೆಗಲಿಗೆ ಬಂದಾಗ ನಿಂತಳು. “ಅತ್ತಿಗೆ, ಇದು ಬಲ ಹೆಗಲಿನ ಅರ್ಧಾನೂ ಇಲ್ಲ. ಬರೆಯೋವಾಗ ತಪ್ಪಿರಬೇಕು. ಇಷ್ಟು ವ್ಯತ್ಯಾಸ ಇರತ್ತಾ ಎಲ್ಲಾದ್ರೂ?”

ಮಾಸ್ಟರಮ್ಮ ಚೀಟಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಇರಬಹುದು ಅನ್ನಿಸಿತು. ಇರಲಿಕ್ಕಿಲ್ಲ ಎಂದೂ ಅನ್ನಿಸಿತು.

“ಗೊತ್ತಿಲ್ಲ ಕಣೇ. ಫೋನ್ ಕೊಡು, ಕೇಳೋಣ.”