ನಾವು ಕೆಮಿಸ್ಟ್ರಿ ಓದಿದ್ದು

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ತಾಯಂದಿರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಅವರ ಬಾಯಲ್ಲಿ ‘ಅವನು’ ‘ಅವಳು’ ಬರುವುದೇ ಇಲ್ಲ, ಎಲ್ಲವೂ ‘ನಾವು’. ನಾವು ಬೀಜಗಣಿತ ಮುಗಿಸಿದೆವು, ನಾವು ಈ ವರ್ಷ ಕಪ್ಪೆ ಕೊಯ್ಯುತ್ತೇವೆ. ಅಮೆರಿಕದ ಕ್ಯಾನ್ಸಸ್‌ನ ಗೋಧಿ ಹೊಲಗಳ ನಡುವೆ ಮನೆ ಮಾಡಿಕೊಂಡಿದ್ದ ಕಾರ್ಲಾ ಉನ್ರೂಗೆ ಈ ಚಟ ತುಸು ಜಾಸ್ತಿಯೇ ಇತ್ತು. ಚರ್ಚಿನಲ್ಲಿ ಎಲ್ಲರೂ ಊಟಕ್ಕೆ ಸೇರಿದಾಗ ಅವಳ ಗಂಡ, “ಮಗಳ ಹಲ್ಲಿಗೆ ತಂತಿ ಹಾಕ್ಸಿದ್ರೆ, ‘ನಾವು ಹಾಕಿಸ್ಕೊಂಡ್ವಿ’ ಅಂತಾಳೆ. ಬೇಕಾದ್ರೆ ಇವಳ ಬಾಯಿ ತೆಗೆಸಿ ನೋಡಿ!” ಎಂದು ಕಾಡುತ್ತಿದ್ದ. ಕಾರ್ಲಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ನಕ್ಕು ಮತ್ತೆ ‘ನಾವು’ ಎಂದೇ ಶುರು ಮಾಡುತ್ತಿದ್ದಳು.

ಮಗಳು ಟೆಸ್ಸಾಗೆ ಹದಿನೈದು ವರ್ಷ. ವಿಜ್ಞಾನದ ಪುಸ್ತಕ ಕೈಗೆ ಸಿಕ್ಕರೆ ಊಟ ಮರೆಯುವ ಹುಡುಗಿ. ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿ ಕೆಮಿಸ್ಟ್ರಿ ಓದಬೇಕೆಂಬುದು ಅವಳ ಆಸೆ. ಆದರೆ ಪಾಠ ಹೇಳಿದ ತಾಯಿಯೇ ಕೊಟ್ಟ ಅಂಕಗಳನ್ನು ಯಾವ ವಿಶ್ವವಿದ್ಯಾಲಯ ತಾನೇ ಕಣ್ಣುಮುಚ್ಚಿ ನಂಬೀತು? ಅದಕ್ಕೇ ಈಗಿನಿಂದಲೇ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ತರಗತಿ, ನಿಜವಾದ ಲ್ಯಾಬಿನ ಜೊತೆ, ಓದಿಬಿಡುವುದೆಂದು ತಾಯಿ ಮಗಳು ತೀರ್ಮಾನಿಸಿದ್ದರು. ಇಷ್ಟು ಚಿಕ್ಕವರನ್ನು ಸೇರಿಸಿಕೊಳ್ಳುವುದೂ ಬಿಡುವುದೂ ಕೆಮಿಸ್ಟ್ರಿ ಪಾಠ ಮಾಡುವ ಮಿಸೆಸ್ ಪ್ರುಯಿಟ್ ಕೈಯಲ್ಲಿತ್ತು. ಆಕೆ ಒಲ್ಲೆ ಎಂದರೆ ಒಂದು ವರ್ಷ ಹೋದಂತೆಯೇ.

“ಲ್ಯಾಬ್ ಕೆಲಸ ಏನೇನು ಮಾಡಿದ್ದೀಯಮ್ಮ?” ಎಂದು, ತಾಯಿ ಮಗಳು ಕಾಲೇಜಿಗೆ ಹೋಗಿ ಎದುರು ಕೂತಾಗ, ಮಿಸೆಸ್ ಪ್ರುಯಿಟ್ ಕೇಳಿದ್ದು ಟೆಸ್ಸಾಳನ್ನು.

ಉತ್ತರ ಕೊಟ್ಟದ್ದು ಕಾರ್ಲಾ. “ನಾವು ಎಲ್ಲಾ ಅಡುಗೆಮನೇಲೇ ಮಾಡಿದ್ದೀವಿ. ನಮ್ಮ ಬೋರ್‌ವೆಲ್ ನೀರಿಗೆ ಗೊಬ್ಬರದ ನೈಟ್ರೇಟ್ ಎಷ್ಟು ಸೇರಿದೆ ಅಂತ ನಾವು ಅಳೆದ್ವಿ. ತುಂಬಾ ಚೆನ್ನಾಗಿ ಬಂತು.”

“ನಿಮಗೆ ಸೀಟು ಒಂದು ಬೇಕೋ, ಎರಡೋ?” ಎಂದರು ಮಿಸೆಸ್ ಪ್ರುಯಿಟ್, ನಗದೆಯೇ.

ಕಾರ್ಲಾಳ ಮುಖ ಕೆಂಪಗಾಯಿತು. ಕೆಲಸ ಕೆಟ್ಟಿತು, ತನ್ನ ಬಾಯಿಂದಲೇ ಕೆಟ್ಟಿತು ಎಂದುಕೊಂಡಳು.

“ಚೆನ್ನಾಗಿ ಬಂದಿದ್ದು ಎರಡನೇ ಸಲ, ಅಮ್ಮ,” ಎಂದಳು ಟೆಸ್ಸಾ ಮೆಲ್ಲಗೆ. ಆಮೇಲೆ ಮಿಸೆಸ್ ಪ್ರುಯಿಟ್ ಕಡೆ ತಿರುಗಿದಳು. “ಮೊದಲ್ನೇ ಸಲ ಪೂರ್ತಿ ಕೆಟ್ಟೋಯ್ತು. ಅಂಗಡಿಯಿಂದ ತಂದ ಶುದ್ಧ ನೀರಲ್ಲೂ ನೈಟ್ರೇಟ್ ತೋರಿಸ್ತು. ಅದು ಹೇಗೆ ಸಾಧ್ಯ ಅಂತ ತಲೆ ಕೆಡಿಸ್ಕೊಂಡೆ. ನೋಡಿದ್ರೆ, ನಾನು ಗಾಜಿನ ನಳಿಕೆಗಳನ್ನ ತೊಳೀತಿದ್ದಿದ್ದೇ ಬೋರ್‌ವೆಲ್ ನೀರಲ್ಲಿ! ಎಲ್ಲಾ ಬಿಟ್ಟು ಮತ್ತೆ ಮೊದಲಿಂದ ಮಾಡ್ದೆ.”

“ನಂಗೆ ಹೇಳ್ಲೇ ಇಲ್ವಲ್ಲೇ!” ಎಂದಳು ಕಾರ್ಲಾ.

“ಹೇಳಿದ್ರೆ ನೀನೇ ಸರಿಮಾಡಿಬಿಡ್ತಿದ್ದೆ.”

ಮಿಸೆಸ್ ಪ್ರುಯಿಟ್ ಈಗ ನಕ್ಕರು. “ನನ್ನ ಲ್ಯಾಬಲ್ಲಿ ಉತ್ತರ ತಪ್ಪಾದ್ರೆ ಮಕ್ಕಳು ಪಕ್ಕದವರದ್ದು ನೋಡಿ ತಿದ್ಕೋತಾರೆ. ನೀನು ಆಗಸ್ಟಲ್ಲಿ ತರಗತಿ ಶುರುವಾದಾಗ ಬಾರಮ್ಮ.”

ಟೆಸ್ಸಾ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಕಾರ್ಲಾಗೂ ಹಿಡಿಸಲಾರದಷ್ಟು ಖುಷಿ. ಆದರೆ ಆ ಖುಷಿಯೊಳಗೇ ಎಲ್ಲೋ ಚುರುಕ್ ಎನ್ನುತ್ತಿತ್ತು. ತನ್ನದೇ ಅಡುಗೆಮನೆಯಲ್ಲಿ ತನಗೆ ಗೊತ್ತಿಲ್ಲದ ಒಂದು ಸೋಲು, ಒಂದು ಗೆಲುವು ಎರಡೂ ನಡೆದುಹೋಗಿದ್ದವು.

ಮಿಸೆಸ್ ಪ್ರುಯಿಟ್ ಒಂದು ಹಾಳೆಯನ್ನು ಟೆಸ್ಸಾಳ ಮುಂದಿಟ್ಟರು. “ಕಾಲೇಜು ಸೇರಿದ ಮೇಲೆ ನಿನ್ನ ಅಂಕ ನಿನ್ನದು. ಅಮ್ಮನಿಗೆ ತೋರಿಸ್ಬಹುದು ಅಂತ ನೀನು ಸಹಿ ಹಾಕಿದ್ರೆ ಮಾತ್ರ ನಾವು ಅವರಿಗೂ ಕಂಪ್ಯೂಟರಲ್ಲಿ ತೋರಿಸ್ತೀವಿ.”

ಕಾರ್ಲಾ ಪೆನ್ನನ್ನು ಮಗಳತ್ತ ಸರಿಸಿದಳು. ಅದರಲ್ಲಿ ಯೋಚಿಸುವುದೇನಿದೆ? ಮಗಳು ಬರೆದ ಮೊದಲ ಅಕ್ಷರದಿಂದ ಹಿಡಿದು ಪ್ರತಿಯೊಂದನ್ನೂ ತಿದ್ದಿದವಳು ಅವಳೇ. ಟೆಸ್ಸಾ ಪೆನ್ನು ಹಿಡಿದಳು, ಹಾಳೆಯನ್ನು ಓದಿದಳು, ಪೆನ್ನನ್ನು ಕೆಳಗಿಟ್ಟಳು.

“ನಾನು ಹಾಕಲ್ಲಮ್ಮ.”

“ನನ್ನಿಂದ ಮುಚ್ಚಿಡ್ಬೇಕಾ?” ಎಂದಳು ಕಾರ್ಲಾ.

“ಮುಚ್ಚಿಡೋಕಲ್ಲ. ಕಂಪ್ಯೂಟರಲ್ಲಿ ನೋಡಿ ನಿಂಗೆ ಗೊತ್ತಾಗೋದು ಬೇಡ. ನಾನೇ ಬಂದು ಹೇಳ್ತೀನಿ.”

“ಕಡಿಮೆ ಬಂದ್ರೆ?”

“ಅದನ್ನೇ ಮೊದಲು ಹೇಳ್ತೀನಿ. ಎಲ್ಲಿ ತಪ್ಪಾಯ್ತು ಅಂತ ನಾನು ಹುಡುಕ್ತೀನಿ. ನೀನು ಪಕ್ಕದಲ್ಲಿ ಕೂತ್ಕೊಂಡು ಕೇಳಿಸ್ಕೋ, ಅಷ್ಟು ಸಾಕು. ತಿದ್ದಬೇಡ.”

ಇಷ್ಟು ವರ್ಷ ಎಲ್ಲ ಪಾಠವನ್ನೂ ತಾನು ಮೊದಲು ಕಲಿತು ಆಮೇಲೆ ಮಗಳಿಗೆ ಕಲಿಸಿದ್ದವಳು ಕಾರ್ಲಾ. ಈ ಪಾಠ ಅವಳಿಗೂ ಬರುತ್ತಿರಲಿಲ್ಲ.

“ಕಷ್ಟ ಕಣೇ,” ಎಂದಳು. ಆಮೇಲೆ ಪೆನ್ನನ್ನು ತಾನೇ ಎತ್ತಿ ಮಿಸೆಸ್ ಪ್ರುಯಿಟ್ ಕೈಗೆ ವಾಪಸು ಕೊಟ್ಟಳು.